ಪ್ರಶ್ನೆಯ ಪಾಲುದಾರರು

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕುಡತಿನಿಯ ಆಚೆ ಗುಡ್ಡಗಳು ಹತ್ತಿರ ಸರಿಯುವೆಡೆಯಲ್ಲಿ, ಜನರು ಬೂದಿಕಣಿವೆಯೆಂದು ಕರೆಯುವ ಸ್ಥಳವೊಂದಿದೆ. ಅಲ್ಲಿ ಮಣ್ಣಿನಂತೆ ಕಾಣುವುದು ಮಣ್ಣಲ್ಲ. ಸುಟ್ಟು, ಕರಗಿ, ಕಿಟ್ಟಗಟ್ಟಿ, ಪದರಪದರವಾಗಿ ಕುಳಿತ ಬೂದಿ. ಒಂದು ಮನೆಯೋ ಒಂದು ಕೇರಿಯೋ ಉರಿದುದರಿಂದ ಇಷ್ಟು ಬೂದಿ ಉಂಟಾಗಲಾರದೆಂಬುದು ನೋಡಿದ ಮಾತ್ರಕ್ಕೆ ತಿಳಿಯುವುದಾದ್ದರಿಂದ, ಯಾರು ಸುಟ್ಟರು, ಏನನ್ನು ಸುಟ್ಟರು, ಏಕೆ ಸುಟ್ಟರು ಎಂಬ ಪ್ರಶ್ನೆಗಳು ಆ ದಾರಿ ಹಿಡಿದವರ ಮನಸ್ಸಿನಲ್ಲಿ ಹಿಂದಿನಿಂದಲೂ ಹುಟ್ಟುತ್ತಲೇ ಬಂದಿರಬೇಕು. ಊರವರು ತಮ್ಮ ಉತ್ತರವನ್ನು ಎಲ್ಲರಿಗಿಂತ ಮೊದಲೇ ಹೇಳಿಬಿಟ್ಟಿದ್ದರು: ಭೀಮಸೇನನಿಂದ ಹತನಾದ ಹಿಡಿಂಬಾಸುರನ ಚಿತೆಯ ಬೂದಿ ಇದು. ಹಂಪಿಯ ಸಮೀಪದ ನಿಂಬಾಪುರದಲ್ಲಿ ಇಂಥದೇ ಇನ್ನೊಂದು ದಿಬ್ಬವುಂಟು. ಆದರೆ ಅದು ಕಿಷ್ಕಿಂಧೆಯ ಸೀಮೆಯಾದಕಾರಣ ಅಲ್ಲಿ ದಹನವಾದವನು ವಾಲಿ.

ಈ ಸೀಮೆಯಲ್ಲಿ ಸಂಚರಿಸಿದ ಕ್ಯಾಪ್ಟನ್ ನ್ಯೂಬೋಲ್ಡನೆಂಬ ಆಂಗ್ಲ ಸೇನಾಧಿಕಾರಿಯು 1836ರಲ್ಲಿ ಈ ಕಿಟ್ಟವನ್ನು ಜ್ವಾಲಾಮುಖಿಯ ಸಂಬಂಧದಲ್ಲಿ ವಿಚಾರಿಸಿದನು. 1843ರಲ್ಲಿ ಮತ್ತೆ ಬರೆದಾಗ ಅದನ್ನು ಮನುಷ್ಯರ ಕೈಯಿಂದಾದ ಪ್ರಾಚೀನ ದಿಬ್ಬವೆಂದೇ ಪರಿಗಣಿಸಿದನು, ಮತ್ತು, ಇದು ಅವನ ದೊಡ್ಡ ಗುಣ, ಹಿಡಿಂಬಾಸುರನ ಕಥೆಯನ್ನು ಗೇಲಿಮಾಡಿ ಬಿಡದೆ ಅದನ್ನೂ ಬರೆದಿಟ್ಟನು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನು ಇವು ಶಿಲಾಯುಗದ ಪಶುಪಾಲಕರು ಸುಟ್ಟ ಸಗಣಿಯ ರಾಶಿಗಳೆಂದನು. ‘ಮರೆತುಹೋದ ಸಾಮ್ರಾಜ್ಯ’ವೆಂದು ವಿಜಯನಗರದ ಚರಿತ್ರೆಯನ್ನು 1900ರಲ್ಲಿ ಬರೆದು ಪ್ರಸಿದ್ಧನಾದ ಜಿಲ್ಲಾಧಿಕಾರಿ ರಾಬರ್ಟ್ ಸಿವೆಲ್ಲನು, ಅದಕ್ಕೆ ಒಂದು ವರ್ಷ ಮೊದಲು, ಬಳ್ಳಾರಿಯ ಬೂದಿದಿಬ್ಬಗಳನ್ನು ಕುರಿತೇ ಒಂದು ಪ್ರಬಂಧವನ್ನು ಪ್ರಕಟಿಸಿ, ಫೂಟನ ಮತವನ್ನು ಒಪ್ಪದೆ, ಅವು ಬಹು ಈಚಿನ ಮಹಾದಹನಗಳ ಶೇಷವಿದ್ದೀತೆಂದು ವಾದಿಸಿದನು. ಕಬ್ಬಿಣ ಕರಗಿಸಿದ ಕುಲುಮೆಗಳ ಕಸವೆಂದವರೂ ಉಂಟು. ಕೊನೆಗೆ ಲಂಡನ್ನಿನ ಜಾಯ್ನರ್ ಎಂಬ ವಿದ್ವಾಂಸರು 1950ರ ದಶಕದ ಕೊನೆಗೆ ಬೂದಿಯನ್ನೇ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿ ಸಗಣಿಯೆಂಬ ಪಕ್ಷವನ್ನು ಸ್ಥಿರಪಡಿಸಿದರು. ಅದೇ ಕಾಲಕ್ಕೆ ಪುರಾತತ್ತ್ವಜ್ಞ ಆಲ್ಚಿನ್ನರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದು, ಬೂದಿಯ ಪದರದ ನಡುವೆ ದನಗಳ ಗೊರಸಿನ ಗುರುತುಗಳು ಹಾಗೆಹಾಗೆಯೇ ಉಳಿದಿರುವುದನ್ನು ಕಂಡರು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಈ ಗುಡ್ಡಗಳ ನಡುವೆ ದೊಡ್ಡಿ ಕಟ್ಟಿಕೊಂಡಿದ್ದ ಗೋಪಾಲಕರು, ವರ್ಷಗಟ್ಟಲೆ ಕೂಡಿದ ಸಗಣಿಯ ರಾಶಿಗೆ ಆಗಾಗ ಬೆಂಕಿಯಿಡುತ್ತಿದ್ದರೆಂಬುದು ಹೀಗೆ ನಿಶ್ಚಯವಾಯಿತು. ಏಕೆ ಸುಡುತ್ತಿದ್ದರೆಂಬುದು ಮಾತ್ರ ಇಂದಿಗೂ ವಿವಾದದ ವಿಷಯ. ನಮ್ಮ ದೀಪಾವಳಿ, ಹೋಳಿ, ಸಂಕ್ರಾಂತಿಗಳ ಬೆಂಕಿಯಂತೆ ಅದೊಂದು ವಾರ್ಷಿಕ ವಿಧಿಯಾಗಿತ್ತೇ ಎಂದು ಆಲ್ಚಿನ್ನರು ಊಹಿಸಿದರು. ಸಂಕ್ರಾಂತಿಯ ದಿನ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡ ನಮಗೆ ಈ ಊಹೆ ಪರಕೀಯವಾಗಿ ತೋರುವುದಿಲ್ಲ.

ಈ ವೃತ್ತಾಂತವನ್ನು ಇಷ್ಟು ವಿಸ್ತರಿಸಿದ್ದು ಉತ್ತರಕ್ಕಾಗಿ ಅಲ್ಲ, ಪ್ರಶ್ನೆ ನಡೆದು ಬಂದ ಬಗೆಗಾಗಿ. ಸೇನಾಧಿಕಾರಿ, ಭೂಗರ್ಭಜ್ಞ, ಜಿಲ್ಲಾಧಿಕಾರಿ, ಪ್ರಯೋಗಶಾಲೆಯ ಪಂಡಿತ, ಇವರಲ್ಲಿ ಮೊದಲ ಮೂವರೂ ವೃತ್ತಿಯಿಂದ ಪುರಾತತ್ತ್ವಜ್ಞರಲ್ಲ. ಬಿಡುವಿನ ವೇಳೆಯಲ್ಲಿ ಆಸಕ್ತಿಯಿಂದ ಕೇಳಿದವರು. ಒಬ್ಬನು ಕೇಳಿದ್ದನ್ನು ಮತ್ತೊಬ್ಬನು ಓದಿದನು, ಒಪ್ಪದೆ ಹೋದನು, ಅದೇ ದಿಬ್ಬಕ್ಕೆ ತಿರುಗಿ ಬಂದನು. ದಿಬ್ಬವಿರುವ ಠಾವು, ಕಂಡ ವಸ್ತು, ಊರವರು ಹೇಳಿದ ಮಾತು, ಈ ಮೂರನ್ನೂ ಮೊದಲಿನವನು ಬೇರೆಬೇರೆಯಾಗಿ ಬರೆದಿಟ್ಟಿದ್ದರಿಂದಲೇ ನೂರು ವರ್ಷಗಳ ಅನಂತರದವನು ಆತನ ತಪ್ಪನ್ನು ತಿದ್ದಲು ಸಮರ್ಥನಾದನು. ಚರಿತ್ರೆಯ ಪ್ರಶ್ನೆ ಬಾಳುವುದು ಹೀಗೆ ನಾಲ್ಕು ಜನರ ಸೊತ್ತಾದಾಗ. ಉತ್ತರವನ್ನು ಒಬ್ಬನೇ ಬಚ್ಚಿಟ್ಟುಕೊಂಡರೆ ಅದು ಅವನೊಂದಿಗೆ ಮುಗಿಯುತ್ತದೆ. ಪ್ರಶ್ನೆಯನ್ನು ಕೂಡ ಹಾಗೆ ಬಚ್ಚಿಟ್ಟುಕೊಳ್ಳುವ ಜನ ನಮ್ಮಲ್ಲಿದ್ದಾರೆಂಬುದೇ ಸೋಜಿಗ.

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿಯ ಚರಿತ್ರಾಸಕ್ತರಿಗೆ ಒಂದು ವಿಚಿತ್ರ ಸ್ಥಿತಿ ಒದಗಿದೆ. ಹಂಪಿ ಜಿಲ್ಲೆಯ ಗಡಿಯಿಂದಾಚೆಗೆ ಹೋಯಿತು. ಅದರೊಂದಿಗೆ ಕೀರ್ತಿಯೂ ಯಾತ್ರಿಕರೂ ಹೋದರೆಂದು ಮರುಗುವವರಿದ್ದಾರೆ. ನನಗಾದರೋ ಇದರಲ್ಲಿ ಲಾಭವೂ ಕಾಣುತ್ತದೆ. ಇಷ್ಟು ದಿನ ಬಳ್ಳಾರಿಯ ಚರಿತ್ರೆಯೆಂದರೆ ಹಂಪಿಯ ಚರಿತ್ರೆಯೆಂದೇ ಆಗಿ, ಕುರುಗೋಡಿನ ಸಿಂದರೂ ಸಿರುಗುಪ್ಪದ ಬಂಡೆಗಳೂ ತೆಕ್ಕಲಕೋಟೆಯ ಗುಡ್ಡಗಳೂ ಅಡಿಟಿಪ್ಪಣಿಗಳಾಗಿ ಉಳಿದಿದ್ದವು. ಅವುಗಳಿಗೆ ಮುಖ್ಯಪಠ್ಯದಲ್ಲಿ ಸ್ಥಾನ ದೊರೆಯುವ ಕಾಲ ಬಂದಿತೆನ್ನಬಹುದು.

ಪ್ರಶ್ನೆ ಕೇಳುವ ಕೆಲಸ ಈ ಸೀಮೆಗೆ ಹೊಸದಲ್ಲ. 1800ರಲ್ಲಿ ನಿಜಾಮನು ಬಳ್ಳಾರಿಯೂ ಸೇರಿದ ದತ್ತ ಮಂಡಲವನ್ನು ಕಂಪೆನಿಗೆ ಬಿಟ್ಟುಕೊಟ್ಟ ಬಳಿಕ, ಥಾಮಸ್ ಮನ್ರೋ ಇಲ್ಲಿ ಪ್ರಧಾನ ಕಲೆಕ್ಟರನಾಗಿ ಭೂಮಿಯನ್ನು ಅಳೆಯಿಸಿದನು; ಆತನ ಹಿಂದೆಯೇ ಮೋಜಣಿಯ ಅಧಿಕಾರಿ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರಿಗೆ ಬಂದರು. ನಿಮ್ಮ ಊರನ್ನು ಕಟ್ಟಿದವರು ಯಾರು, ಕೆರೆಯನ್ನು ಕಟ್ಟಿಸಿದವರು ಯಾರು, ದೇವಾಲಯಕ್ಕೆ ಮಾನ್ಯ ಕೊಟ್ಟವರು ಯಾರು, ಅರಸರ ವಂಶಾವಳಿ ಏನು ಎಂದು ಅವರು ಕೇಳಿದುದಕ್ಕೆ ಕರಣಿಕರು ಬರೆದುಕೊಟ್ಟ ಉತ್ತರಗಳೇ ಕೈಫಿಯತ್ತುಗಳು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ 1994ರಲ್ಲಿ ಹೊರತಂದರು. ಅವನ್ನು ಓದುವಾಗ ಒಂದು ಸಂಗತಿಯನ್ನು ಮರೆಯಲಾಗದು: ಕೇಳಿದವನು ಸರ್ಕಾರ, ಹೇಳಿದವನು ಮಾನ್ಯದ ಹೊಲ ಉಳಿದೀತೋ ಹೋದೀತೋ ಎಂದು ಅಂಜುತ್ತಿದ್ದ ಗೃಹಸ್ಥ. ಆದುದರಿಂದ ದಾನದ ಪ್ರಸ್ತಾಪ ಅಲ್ಲಿ ಬಹಳ ದೀರ್ಘ, ದಾನ ಕೊಟ್ಟವನ ದೋಷಗಳ ಪ್ರಸ್ತಾಪ ಬಹಳ ಹ್ರಸ್ವ. ಅಧಿಕಾರದ ಬಾಯಿಂದ ಬಂದ ಪ್ರಶ್ನೆಗೆ ಅಧಿಕಾರಕ್ಕೆ ತಕ್ಕ ಉತ್ತರವೇ ಬರುತ್ತದೆ.

ಮೆಕೆಂಜಿಯ ಸಂಗ್ರಹಕ್ಕೆ ನಿಜವಾಗಿ ಕಾಲು ಸವೆಸಿದವರು ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಸೋದರರು ಮತ್ತು ಅವರ ಸಂಗಡಿಗರು. ಮೆಕೆಂಜಿ 1821ರಲ್ಲಿ ತೀರಿಕೊಂಡ ಮೇಲೆ, ಉಳಿದ ಕೆಲಸವನ್ನು ತಾನು ಮುಂದುವರಿಸುವೆನೆಂದು ಲಕ್ಷ್ಮಯ್ಯನು ಬೇಡಿಕೊಂಡನು. ಬ್ರಾಹ್ಮೀಲಿಪಿಯನ್ನು ಓದಿ ಜಗದ್ವಿಖ್ಯಾತನಾಗಲಿದ್ದ ಜೇಮ್ಸ್ ಪ್ರಿನ್ಸೆಪ್ಪನು 1836ರಲ್ಲಿ, ಇಂಥ ಕಾರ್ಯಕ್ಕೆ ದೇಶೀಯನೊಬ್ಬನ ಯೋಗ್ಯತೆ ಸಾಲದೆಂಬ ಅಭಿಪ್ರಾಯವನ್ನಿತ್ತು ಆ ಬೇಡಿಕೆಯನ್ನು ತಳ್ಳಿಹಾಕಿದನು. ಪ್ರಶ್ನೆಯನ್ನು ಹೊತ್ತು ಊರೂರು ತಿರುಗಿದವನನ್ನು ಪ್ರಶ್ನೆಯ ಪಾಲುದಾರನೆಂದು ಎಣಿಸದೆ ಹೋದ ಈ ಅವಿವೇಕಕ್ಕೆ ಪಾಂಡಿತ್ಯದ ಔನ್ನತ್ಯವೂ ಅಡ್ಡಿಯಾಗಲಿಲ್ಲ.

ಅದೇ ಪ್ರಿನ್ಸೆಪ್ಪನು ಮರುವರ್ಷ ಎದುರಿಸಿದ ಪ್ರಶ್ನೆಯೊಂದು ಸಿರುಗುಪ್ಪದವರೆಗೆ ಬರುತ್ತದೆ. ಕಂಬಗಳ ಮೇಲೂ ಬಂಡೆಗಳ ಮೇಲೂ ಮಾತಾಡುವ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಯಾರು? ಸಿಂಹಳದ ಒಬ್ಬ ಅರಸನೆಂದು ಅವನು ಮೊದಲು ಎಣಿಸಿದ್ದನು. ಸಿಂಹಳದಲ್ಲಿ ಅಧಿಕಾರಿಯಾಗಿದ್ದು ಪಾಲಿ ಗ್ರಂಥಗಳನ್ನು ಓದುತ್ತಿದ್ದ ಜಾರ್ಜ್ ಟರ್ನರನು, ಅಲ್ಲ, ಪ್ರಿಯದರ್ಶಿಯೆಂಬುದು ಮೌರ್ಯ ಅಶೋಕನ ಹೆಸರೆಂದು ಗ್ರಂಥಾಧಾರದಿಂದ ತಿಳಿಸಿಕೊಟ್ಟನು. ಆದರೆ ಕಲ್ಲೇ ಬಾಯಿಬಿಟ್ಟು ಹಾಗೆ ಹೇಳಬೇಕಲ್ಲ? ಅದಕ್ಕಾಗಿ 1915ರವರೆಗೆ ಕಾಯಬೇಕಾಯಿತು. ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಶಾಸನದಲ್ಲಿ ಅಶೋಕನೆಂಬ ಹೆಸರು ಸ್ಪಷ್ಟವಾಗಿತ್ತು. 1970ರ ದಶಕದ ಕೊನೆಗೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳಗಳಲ್ಲಿ ದೊರೆತ ಬಂಡೆಶಾಸನಗಳಲ್ಲಿಯೂ ಆ ಹೆಸರಿದೆ. ಕಲ್ಕತ್ತೆಯ ಪಂಡಿತರು ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ ಉತ್ತರವು ತುಂಗಭದ್ರೆಯ ಸೀಮೆಯಲ್ಲಿ, ದನ ಕಾಯುವವರು ಒರಗಿ ಕೂರುತ್ತಿದ್ದಂಥ ಬಂಡೆಗಳ ಮೇಲೆ ಇದ್ದಿತು. ಆ ಬಂಡೆಯ ಮೇಲೆ ಏನೋ ಗೀಚಿದೆಯಲ್ಲಾ ಎಂದು ಯಾರೋ ಎಂದೋ ಕೇಳಿರಬೇಕು. ಕೇಳಿದ್ದನ್ನು ಮುಟ್ಟಿಸುವ ದಾರಿ ಅವರಿಗಿರಲಿಲ್ಲ.

ದಾರಿಯಿದ್ದೂ ಪ್ರಶ್ನೆ ಕಳೆದುಹೋದ ನಿದರ್ಶನ ಬಳ್ಳಾರಿ ನಗರದ ಮಗ್ಗುಲಲ್ಲಿಯೇ ಇದೆ. ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ಫೂಟನು 1872ರಲ್ಲಿ ಶಿಲಾಯುಗದ ಆಯುಧಗಳ ತಯಾರಿಯ ನೆಲೆಯನ್ನು ಗುರುತಿಸಿದನು. ಹ್ಯೂಬರ್ಟ್ ನಾಕ್ಸನು ಮೊದಲು ಕಂಡ ಅಲ್ಲಿಯ ಬಂಡೆಚಿತ್ರಗಳನ್ನು, ಎಂದರೆ ಬಂಡೆಯನ್ನು ಕುಟ್ಟಿ ಮೂಡಿಸಿದ ಉದ್ದಕೊಂಬಿನ ಗೂಳಿಗಳನ್ನೂ ಮನುಷ್ಯಾಕೃತಿಗಳನ್ನೂ, ಪೋಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ಟನು 1892ರಲ್ಲಿ ವಿದ್ವತ್ಪ್ರಪಂಚಕ್ಕೆ ವರದಿಮಾಡಿದನು. ಬಡಿದರೆ ಗಂಟೆಯಂತೆ ನಾದಗೈಯುವ ಕಲ್ಲುಗಳು ಅಲ್ಲಿರುವುದೂ ತಿಳಿದುಬಂದಿತು. ಆದರೆ ಆಗಿನ ಛಾಯಾಚಿತ್ರಗಳು ಮಾಸಿದವು, ಚಿತ್ರಗಳಿರುವ ಜಾಗದ ನಿರ್ದೇಶನ ಅಸ್ಪಷ್ಟವಾಯಿತು, ಮುಂದಿನ ವಿದ್ವಾಂಸರಿಗೆ ಅವು ದುರ್ಲಭವಾದವು. ರವಿ ಕೋರಿಶೆಟ್ಟರ್ ಮೊದಲಾದವರೊಂದಿಗೆ ಈ ಸೀಮೆಯಲ್ಲಿ ಕೆಲಸಮಾಡುತ್ತಿದ್ದ ನಿಕೋಲ್ ಬೊಯ್ವಿನ್ ಎಂಬ ವಿದುಷಿ 2004ರಲ್ಲಿ ಪ್ರಕಟಿಸಿದ ಪ್ರಬಂಧದಿಂದಲೇ ಅವು ಪುನಃ ಲೋಕದ ಕಣ್ಣಿಗೆ ಬಿದ್ದದ್ದು. ಅಷ್ಟರಲ್ಲಿ ಕಲ್ಲುಗಣಿಯ ಸುತ್ತಿಗೆಯೂ ಅದೇ ಗುಡ್ಡವನ್ನು ತಲಪಿತ್ತು. ಫೂಟನ ಹೆಸರಿನ ವಸ್ತುಸಂಗ್ರಹಾಲಯವು ಈಗ ನಗರದಲ್ಲಿದ್ದು, ಶಾಲೆಯ ಮಕ್ಕಳು ಕಲ್ಲಿನ ಕೊಡಲಿಗಳ ಮುಂದೆ ನಿಂತು ‘ಇದರ ಹಿಡಿ ಎಲ್ಲೈತ್ರಿ?’ ಎಂದು ಕೇಳುವಂತಾಗಿದೆ. ಸಣ್ಣ ಪ್ರಶ್ನೆಯಲ್ಲ: ಮರದ ಹಿಡಿ ಕೊಳೆತುಹೋಗುತ್ತದೆ, ಕಲ್ಲು ಉಳಿಯುತ್ತದೆ, ನಾವು ಉಳಿದದ್ದನ್ನಷ್ಟೇ ನೋಡಿ ಆ ಜನರಿಗೆ ಕಲ್ಲಿನ ಹೆಸರಿಟ್ಟೆವು.

ಇಂದಿನ ಆಸಕ್ತರ ಕ್ರಮ ಹೇಗಿದೆಯೆಂದರೆ, ಅದು ಬಹುಮಟ್ಟಿಗೆ ತಿರುಗಾಟದ ಕ್ರಮ. ಹೊಸಪೇಟೆಯ ಕಡೆ ‘ವಿಜಯನಗರ ತಿರುಗಾಟ ಸಂಶೋಧನ ತಂಡ’ವೆಂದು ಹೆಸರನ್ನೇ ಹಾಗಿಟ್ಟುಕೊಂಡವರು ಹಳ್ಳಿಗಳನ್ನು ಸುತ್ತಿ, ಅಪ್ರಕಟಿತ ಶಾಸನಗಳನ್ನೂ ವೀರಗಲ್ಲುಗಳನ್ನೂ ಕಂಡಾಗ ಪತ್ರಿಕೆಗಳಿಗೆ ತಿಳಿಸುತ್ತ ಬಂದಿದ್ದಾರೆ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಗಳಲ್ಲಿ ಪ್ರಾಧ್ಯಾಪಕರ ಸಾಲಿನಲ್ಲಿಯೇ ತಮ್ಮ ಊರಿನ ಒಂದು ಕಲ್ಲನ್ನು ಕುರಿತು ಪ್ರಬಂಧ ಓದುವ ಹವ್ಯಾಸಿಗಳು ಕಾಣಸಿಗುತ್ತಾರೆ. ಇಂಥವರು ಹಳ್ಳಿಗೆ ಹೋದಾಗ ಎದುರಾಗುವ ಮೊದಲ ಪ್ರಶ್ನೆ ಅವರದಲ್ಲ, ಊರವರದು. ‘ನಿಧಿ ತೆಗೆಯೋಕ ಬಂದೀರೇನ್ರಿ?’ ಈ ಸಂದೇಹ ನಿರಾಧಾರವಾದುದಲ್ಲ. ನಿಧಿಯ ಆಸೆಗೆ ನಂದಿಯ ಬೆನ್ನನ್ನು ಒಡೆದ, ಲಿಂಗವನ್ನು ಕಿತ್ತ, ವೀರಗಲ್ಲಿನ ಬುಡವನ್ನು ಅಗೆದ ಗುರುತುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಅದಕ್ಕೆ ಮದ್ದು ಅವಸರಪಡದಿರುವುದೊಂದೇ. ಕಟ್ಟೆಯ ಮೇಲೆ ಕುಳಿತು, ಕೊಟ್ಟ ಚಹಾ ಕುಡಿದು, ಈ ಸಲದ ಮೆಣಸಿನಕಾಯಿಯ ಧಾರಣೆಯನ್ನು ವಿಚಾರಿಸಿ, ಆಮೇಲೆ ಕಲ್ಲಿನ ಮಾತೆತ್ತಿದರೆ, ಹಿರಿಯರೊಬ್ಬರು ‘ಯಾವ ಕಾಲದ್ದೋ ಏನೋ, ನಮ್ಮಜ್ಜನ ಕಾಲದಾಗೂ ಅಲ್ಲೇ ಇತ್ತು’ ಎಂದು ಎದ್ದು ದಾರಿ ತೋರಿಸುತ್ತಾರೆ. ಮೆಕೆಂಜಿಗೆ ಇಲ್ಲದಿದ್ದ ಅನುಕೂಲ ಇದು: ಹವ್ಯಾಸಿಯ ಕೈಯಲ್ಲಿ ಮಾನ್ಯವನ್ನು ಕಸಿಯುವ ಶಕ್ತಿಯೂ ಇಲ್ಲ, ಕೊಡುವ ಶಕ್ತಿಯೂ ಇಲ್ಲ.

ಕಲ್ಲನ್ನು ಕೇಳುವುದಕ್ಕೂ ಒಂದು ಶಾಸ್ತ್ರವುಂಟು. ಕುರುಗೋಡಿಗೆ ಹೋಗೋಣ. ದೊಡ್ಡಬಸವೇಶ್ವರನ ಭಾರಿ ಏಕಶಿಲಾ ನಂದಿಗಾಗಿ ಜನ ಅಲ್ಲಿಗೆ ಬರುತ್ತಾರೆ. ಬೆಟ್ಟದ ಬುಡದಲ್ಲಿ ಚಾಲುಕ್ಯಶೈಲಿಯ ಹಲವು ಗುಡಿಗಳು ಮಾತ್ರ ಬಹುಮಟ್ಟಿಗೆ ತಮ್ಮ ಪಾಡಿಗೆ ತಾವಿವೆ. ಹನ್ನೆರಡನೆಯ ಶತಮಾನದಲ್ಲಿ ಇದು ಕಲ್ಯಾಣದ ಚಾಲುಕ್ಯರ ಅಧೀನರಾಗಿ ಬಲ್ಲಕುಂದೆ ಮುನ್ನೂರನ್ನು ಆಳಿದ ಸಿಂದರ ರಾಜಧಾನಿ. ತಮ್ಮನ್ನು ನಾಗವಂಶದವರೆಂದು ಕರೆದುಕೊಂಡ ಈ ಸಿಂದರ ವಿಷಯ ನಮಗೆ ತಿಳಿದಿರುವುದೆಲ್ಲ ಶಾಸನಗಳಿಂದಲೇ. ಮದರಾಸು ಆಧಿಪತ್ಯದ ಕನ್ನಡ ಶಾಸನಗಳನ್ನು ಆರ್. ಶಾಮಶಾಸ್ತ್ರಿಗಳೂ ಎನ್. ಲಕ್ಷ್ಮೀನಾರಾಯಣ ರಾಯರೂ ಸಂಪಾದಿಸಿದ ಸಂಪುಟದ ಮೊದಲ ಭಾಗ 1939ರಲ್ಲಿ ಹೊರಬಂದಾಗ, ಅದರ ಪುಟಗಳನ್ನು ಹೆಚ್ಚಾಗಿ ತುಂಬಿದ್ದು ಬಳ್ಳಾರಿ ಸೀಮೆಯ ಕಲ್ಲುಗಳೇ.

ಇಂಥ ಶಾಸನದಲ್ಲಿ ದೇವತಾಸ್ತುತಿ, ಆಳುವ ಚಕ್ರವರ್ತಿ, ಅವನ ಕೆಳಗಿನ ಮಾಂಡಲಿಕ, ತಿಥಿವಾರ, ದಾನ, ಹೊಲದ ಎಲ್ಲೆ, ದಾನಕ್ಕೆ ತಪ್ಪಿದವನಿಗೆ ಶಾಪ, ಹೀಗೆ ಒಂದು ಗೊತ್ತಾದ ಅನುಕ್ರಮವಿರುತ್ತದೆ. ಆಸಕ್ತರು ಸಾಮಾನ್ಯವಾಗಿ ಅರಸನ ಹೆಸರಿನಲ್ಲಿಯೇ ನಿಂತುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚಿನ ನಿಧಿ ಇರುವುದು ಎಲ್ಲೆಯ ಸಾಲುಗಳಲ್ಲಿ: ಮೂಡಲು ಹುತ್ತ, ತೆಂಕಲು ಹಳ್ಳ, ಪಡುವಲು ಹೆದ್ದಾರಿ ಎಂದು ಬರೆದಿರುವಾಗ, ಆ ಹಳ್ಳ ಇಂದೂ ಹರಿಯುತ್ತಿದೆಯೇ, ಆ ದಾರಿ ಎಲ್ಲಿಗೆ ಹೋಗುತ್ತಿತ್ತು ಎಂದು ಆ ಊರಿನ ರೈತನನ್ನಲ್ಲದೆ ಬೇರೆ ಯಾರನ್ನು ಕೇಳಬೇಕು? ಕಾಲವನ್ನು ಪರೀಕ್ಷಿಸುವುದಂತೂ ಯಾರಿಗಾದರೂ ಸಾಧ್ಯ. ಶಕವರ್ಷಕ್ಕೆ 78ನ್ನು ಕೂಡಿದರೆ ಕ್ರಿಸ್ತವರ್ಷ ಸುಮಾರಾಗಿ ಬರುತ್ತದೆ. ಶಕ 1103 ಎಂದರೆ 1181. ಆ ವರ್ಷ ಪ್ಲವ ಸಂವತ್ಸರ. ಸಂವತ್ಸರಚಕ್ರ ಅರವತ್ತು ವರ್ಷಗಳದಾದುದರಿಂದ, ಹದಿನಾಲ್ಕು ಆವೃತ್ತಿಗಳ ಬಳಿಕ 2021ರ ಯುಗಾದಿಗೆ ಪುನಃ ಪ್ಲವವೇ ಬಂದಿತು. ಕಲ್ಲಿನ ಮೇಲಿನ ಶಕವರ್ಷವೂ ಸಂವತ್ಸರವೂ ಹೀಗೆ ಹೊಂದದೆ ಹೋದರೆ, ಕಂಡರಿಸಿದವನು ತಪ್ಪಿದನೋ ಓದಿದವನು ತಪ್ಪಿದನೋ ಎಂದು ಶಂಕಿಸಬೇಕು; ಅನುಭವಿಗಳು ಮೊದಲು ಶಂಕಿಸುವುದು ಓದಿದವನನ್ನೇ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮಸಿಯೊತ್ತಿ ತೆಗೆಯುವ ಪಡಿಯಚ್ಚಿನ ಸ್ಥಾನದಲ್ಲಿ ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನ್ ತೆಗೆದು, ಸವೆದ ಅಕ್ಷರಗಳನ್ನು ಗಣಕದ ಪರದೆಯ ಮೇಲೆ ಎಬ್ಬಿಸುತ್ತಿದ್ದಾರೆ. ಇದಾವುದೂ ಇಲ್ಲದವನು, ಭಕ್ತಿಯಿಂದ ಕಲ್ಲಿಗೆ ಆಯಿಲ್ ಪೇಂಟ್ ಬಳಿಯಹೊರಟವರನ್ನು ತಡೆದರೂ ಸಾಕು, ದೊಡ್ಡ ಉಪಕಾರ.

ಎಲ್ಲ ಪ್ರಶ್ನೆಗಳೂ ಸಮಾನವಾದವುಗಳಲ್ಲವೆಂಬುದನ್ನೂ ಹೇಳಬೇಕು. ನಮ್ಮ ಊರು ನಿಮ್ಮ ಊರಿಗಿಂತ ಎಷ್ಟು ಹಳೆಯದು, ನಮ್ಮ ಕುಲದವರು ಯಾವ ಅರಸರ ವಂಶದವರು ಎಂಬಿವು ಪ್ರಶ್ನೆಯ ವೇಷದಲ್ಲಿ ಬರುವ ಉತ್ತರಗಳು. ಕೇಳುವವನಿಗೆ ಬೇಕಾಗಿರುವುದು ಸಾಕ್ಷ್ಯವಲ್ಲ, ಸಹಿ. ಬಳ್ಳಾರಿ ಕೋಟೆಯ ಕಥೆ ಇನ್ನೊಂದು ಬಗೆಯದು. ಹೈದರಾಲಿಯು ಫ್ರೆಂಚ್ ಎಂಜಿನಿಯರನೊಬ್ಬನಿಂದ ಕೋಟೆಯನ್ನು ಪುನಃ ಕಟ್ಟಿಸಿದನೆಂದೂ, ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಾಗಿದ್ದು ಅಲ್ಲಿಂದ ಫಿರಂಗಿ ಹೊಡೆಯಬಹುದೆಂದು ಆಮೇಲೆ ಹೊಳೆದು ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದನೆಂದೂ ಊರೆಲ್ಲ ಹೇಳುತ್ತದೆ. ಅವನದೆಂದು ಒಂದು ಸಮಾಧಿಯನ್ನೂ ತೋರಿಸುತ್ತಾರೆ. ಇದು ನಿಜವೇ ಎಂದು ಕೇಳುವವರು ಬಹಳ. ಎಷ್ಟೋ ಕೋಟೆಗಳಿಗೂ ಗೋರಿಗಳಿಗೂ ಇಂಥದೇ ಕಥೆ, ಎಂದರೆ ಕಟ್ಟಿದವನ ಕೈ ಕಡಿಸಿದ, ಕೊರಳು ಕೊಯ್ಯಿಸಿದ ಕಥೆ, ಏಕೆ ಅಂಟಿಕೊಳ್ಳುತ್ತದೆಂದು ಕೇಳುವವರು ಕಡಮೆ. ಎರಡೂ ಗುಡ್ಡಗಳನ್ನು ಹತ್ತಿ, ಆ ಕಾಲದ ಫಿರಂಗಿಯ ಗುಂಡು ಒಂದರಿಂದ ಮತ್ತೊಂದಕ್ಕೆ ತಲಪುತ್ತಿತ್ತೇ ಎಂದು ಲೆಕ್ಕ ಹಾಕುವವರು ಮತ್ತೂ ಕಡಮೆ. ನನಗೆ ಈ ಕೊನೆಯವರ ಸಂಗ ಇಷ್ಟ.

ಇದೇ ಬಳ್ಳಾರಿಯಲ್ಲಿ 1926ರಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಫ. ಗು. ಹಳಕಟ್ಟಿಯವರು. ವೃತ್ತಿಯಿಂದ ವಕೀಲರಾದ ಅವರು, ನಿಮ್ಮ ಮನೆಯ ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳಿವೆಯೇ ಎಂಬ ಒಂದೇ ಪ್ರಶ್ನೆಯನ್ನು ಹೊತ್ತು ಊರೂರು ಅಲೆದು ವಚನಗಳನ್ನು ಕೂಡಿಸಿದರು. ಅಂದಿನ ಅಟ್ಟ ಇಂದಿನ ಕಬ್ಬಿಣದ ಪೆಟ್ಟಿಗೆಯಾಗಿದೆ, ಅಷ್ಟೆ ವ್ಯತ್ಯಾಸ.

ಆ ಪೆಟ್ಟಿಗೆಗಳು ಸಿರುಗುಪ್ಪದ ಕಡೆ ವಿಶೇಷವಾಗಿವೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋಗಿ, ಬಳ್ಳಾರಿ ಜಿಲ್ಲೆಯ ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದುದನ್ನೂ, ಅದರ ಹಿಂದಿನ ರಾತ್ರಿ ಬಳ್ಳಾರಿಯಲ್ಲಿ ವಿಲೀನೋತ್ಸವದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಹೇಬರು ಪ್ರಾಣ ಕೊಟ್ಟುದನ್ನೂ ಪುಸ್ತಕಗಳು ಹೇಳುತ್ತವೆ. ಆದರೆ ಅದೇ ದಶಕದಲ್ಲಿ ತುಂಗಭದ್ರೆಯ ಕಾಲುವೆಯ ನೀರು ಬಂದು, ಜೋಳ ನವಣೆಗಳ ಕರಿಯ ನೆಲ ಬತ್ತದ ಗದ್ದೆಯಾಗಿ, ಕರಾವಳಿಯ ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ನೆಲಸಿದ ಕತೆಯನ್ನು ಹೇಳುವ ಕಲ್ಲೂ ಇಲ್ಲ, ಕೈಫಿಯತ್ತೂ ಇಲ್ಲ. ಅವರ ವಸತಿಗಳಿಗೆ ಇಂದಿಗೂ ಕ್ಯಾಂಪು ಎಂದೇ ಹೆಸರು, ನಿನ್ನೆ ಬಂದು ನಾಳೆ ಹೊರಡುವವರೋ ಎಂಬಂತೆ. ಮೊದಲು ಬಂದವರು ಯಾರು, ಎಕರೆಗೆ ಏನು ಕೊಟ್ಟರು, ಮಾರಿದವನು ಏಕೆ ಮಾರಿದನು, ವಿಜಯನಗರದ ಕಾಲದಿಂದ ನದಿಯ ದಂಡೆಯಲ್ಲಿ ಹರಿಯುತ್ತಿದ್ದ ಹಳೆಯ ಕಾಲುವೆಯವರಿಗೂ ಹೊಸ ಕಾಲುವೆಯವರಿಗೂ ನೀರಿನ ಸರದಿಯ ಜಗಳ ಆಯಿತೇ ಎಂಬುದೆಲ್ಲ ಕ್ರಯಪತ್ರಗಳಲ್ಲಿಯೂ ಎಂಬತ್ತು ದಾಟಿದವರ ನೆನಪಿನಲ್ಲಿಯೂ ಇದೆ. ಅಶೋಕನ ಬಂಡೆಯನ್ನು ನೋಡಲು ನಿಟ್ಟೂರಿಗೆ ಹೋದವರು ಹಿಂತಿರುಗುವಾಗ ಒಂದು ಕ್ಯಾಂಪಿನಲ್ಲಿ ಇಳಿದು ಇವನ್ನೂ ಕೇಳಿಕೊಂಡು ಬರಬಹುದು. ತೆಲುಗಿನಲ್ಲಿ ಕೇಳಬೇಕಾದೀತು, ಬಳ್ಳಾರಿಯವರಿಗೆ ಅದೇನೂ ಕಷ್ಟವಲ್ಲ.